ಹತ್ತು ದಿನ ಪ್ರಕೃತಿ ಚಿಕಿತ್ಸೆಗೆ ಹೊರಟಿದ್ದೇನೆ, ಏನೇನು ತಯಾರಿ ಬೇಕು?

ಮಂಡಗದ್ದೆ ಹಕ್ಕಿ
ಎಲ್ಲರಿಗೂ ನಮಸ್ಕಾರ. ನನಗೆ 49 ವರ್ಷ. ಊರು ತೀರ್ಥಹಳ್ಳಿ ಹತ್ತಿರ. ಶುಗರ್ ಶುರುವಾಗಿ ಆರು ವರ್ಷ, ಬಿಪಿ ಮೂರು ವರ್ಷ, ಈಗ ಮಂಡಿನೋವು ಬೇರೆ ಸೇರಿಕೊಂಡಿದೆ. ಜುಲೈ ಕೊನೆಗೆ ಕರಾವಳಿ ಕಡೆಯ ಒಂದು ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯಲ್ಲಿ ಹತ್ತು ದಿನಕ್ಕೆ ಬುಕ್ ಮಾಡಿದ್ದೇನೆ. ಇನ್ನೂ 20 ದಿನ ಸಮಯ ಇದೆ.

ಅವರು ಕಳಿಸಿದ ಪಟ್ಟಿಯಲ್ಲಿ ಸಡಿಲವಾದ ಬಟ್ಟೆ, ಟವೆಲ್, ಹಳೆಯ ರಿಪೋರ್ಟ್ ಅಂತ ಮೂರೇ ಸಾಲು. ನನ್ನ ತಲೆಯಲ್ಲಿ ಮೂವತ್ತು ಪ್ರಶ್ನೆ ಇವೆ. ನಾನು ದಿನಕ್ಕೆ ಐದು ಲೋಟ ಕಾಫಿ ಕುಡಿಯುತ್ತೇನೆ. ಅಲ್ಲಿ ಒಂದು ತೊಟ್ಟೂ ಸಿಗುವುದಿಲ್ಲವಂತೆ. ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್ ಎರಡೂ ಸೇರಿದ ಮಾತ್ರೆ, ಬಿಪಿಗೆ ಟೆಲ್ಮಿಸಾರ್ಟನ್. ಜ್ಯೂಸ್ ಕುಡಿದುಕೊಂಡು ಇರುವ ದಿನ ಇದನ್ನೆಲ್ಲ ನುಂಗಬೇಕಾ, ಬಿಡಬೇಕಾ? ಎನಿಮಾ ಕಡ್ಡಾಯವಾ? ಕೇಳುವುದಕ್ಕೆ ಸಂಕೋಚ, ಆದರೆ ಇಲ್ಲಿ ಯಾರಿಗೂ ನನ್ನ ಮುಖ ಕಾಣುವುದಿಲ್ಲವಲ್ಲ.

ಮದುವೆಯಾಗಿ 26 ವರ್ಷ. ಇಷ್ಟು ದಿನ ಮನೆ ಬಿಟ್ಟಿದ್ದು ಬಾಣಂತನಕ್ಕೆ ಮಾತ್ರ. ನಮ್ಮ ಮನೆಯವರು "ದುಡ್ಡು ಕೊಟ್ಟು ಉಪವಾಸ ಮಾಡೋಕೆ ಘಟ್ಟ ಇಳೀಬೇಕಾ, ಇಲ್ಲೇ ಏಕಾದಶಿ ಮಾಡು" ಅಂತಾರೆ. ಅತ್ತೆಗೆ ಬೇರೇನೂ ಚಿಂತೆ ಇಲ್ಲ. ಬೆಳಗಿನ ಐದೂವರೆಯ ಕಾಫಿ ಯಾರು ಮಾಡುತ್ತಾರೆ ಅನ್ನುವುದೊಂದೇ.

ಫಿಲ್ಟರ್ ಕಾಫಿ ರಾಯರು
ತಂಗೀ, ಬೇರೆ ಎಲ್ಲವನ್ನೂ ಆಮೇಲೆ ನೋಡಿ, ಕಾಫಿ ವಿಷಯ ಇವತ್ತೇ ಶುರು ಮಾಡಿ. ನನ್ನ ಅನುಭವ ಹೇಳುತ್ತೇನೆ. ಬ್ಯಾಂಕಿನಿಂದ ನಿವೃತ್ತನಾದ ವರ್ಷ ಹೋಗಿದ್ದೆ. ಯಾವ ಜಾಗ ಅಂತ ಬೇಡ. ಹೊರಡುವ ದಿನ ಬೆಳಿಗ್ಗೆ ಮೈಸೂರಿನಲ್ಲಿ ಎರಡು ಲೋಟ, ದಾರಿಯಲ್ಲಿ ಒಂದು ಲೋಟ, "ಇನ್ನು ಹತ್ತು ದಿನ ಸಿಗಲ್ಲ" ಅಂತ ಗೇಟಿನ ಎದುರಿನ ಅಂಗಡಿಯಲ್ಲಿ ಇನ್ನೊಂದು. ಮಾರನೆಯ ದಿನ ಮಧ್ಯಾಹ್ನಕ್ಕೆ ತಲೆನೋವು ಹತ್ತಿತು ನೋಡಿ. ಕಣ್ಣಿನ ಹಿಂದೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ. ವಾಕರಿಕೆ, ಸಿಟ್ಟು, ನಿದ್ದೆ. ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮಸಾಜು, ಸ್ಟೀಮು ಎಲ್ಲ ದುಡ್ಡು ಕಟ್ಟಿಯೂ ತಪ್ಪಿಹೋಯಿತು. ಅಲ್ಲಿದ್ದವರು "ದೇಹದ ವಿಷ ಹೊರಗೆ ಬರ್ತಿದೆ, ಒಳ್ಳೇದೇ" ಅಂದರು. ವಿಷವೂ ಇಲ್ಲ ಏನೂ ಇಲ್ಲ. ಕಾಫಿ ನಿಂತಿದ್ದಕ್ಕೆ ಬಂದ ತಲೆನೋವು ಅದು.

ಈಗ ಉಪಾಯ. ಎರಡು ದಿನಕ್ಕೊಮ್ಮೆ ಅರ್ಧ ಲೋಟ ಇಳಿಸಿ. ಕೊನೆಯ ಲೋಟದಿಂದ ಇಳಿಸುತ್ತಾ ಬನ್ನಿ, ಬೆಳಗಿನದು ಕಡೆಗೆ. ಪುಡಿಯಲ್ಲಿ ಚಿಕೋರಿ ಜಾಸ್ತಿ ಇರುವುದನ್ನು ತನ್ನಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ನಮ್ಮ ದೇಶದ ನಿಯಮದ ಪ್ರಕಾರ ಕಾಫಿ ಚಿಕೋರಿ ಮಿಶ್ರಣದಲ್ಲಿ ನೂರಕ್ಕೆ 49 ಭಾಗದವರೆಗೂ ಚಿಕೋರಿ ಹಾಕಬಹುದು, ಪೊಟ್ಟಣದ ಮೇಲೆ ಬರೆದಿರುತ್ತಾರೆ. ಅಪ್ಪಟ ಪುಡಿ ಕುಡಿಯುವ ನಮ್ಮಂಥವರಿಗೆ ಇದು ಅವಮಾನವೇ, ಆದರೂ ಹದಿನೈದು ದಿನ ತಾನೇ. ಕಾಫಿ ಬಿಟ್ಟು ಟೀ ಹಿಡಿಯಬೇಡಿ, ಅದರಲ್ಲೂ ಕೆಫೀನ್ ಇದೆ.

ಎರಡನೇ ಸಲ ಹೀಗೆ ಮಾಡಿ ಹೋದೆ. ತಲೆ ಒಂದು ಸಂಜೆ ಸ್ವಲ್ಪ ಭಾರ ಆಯಿತು, ಅಷ್ಟೆ.

ಬೆಣ್ಣೆದೋಸೆ
ನಮ್ಮ ಮಾವನವರು ಹೋಗಿ 6 ಕೆಜಿ ಇಳಿಸಿ ಬಂದರು. ಎರಡು ತಿಂಗಳಲ್ಲಿ 7 ಕೆಜಿ ಏರಿಸಿದರು. ನನ್ನ ಅಭಿಪ್ರಾಯ ಇಷ್ಟೇ.

ಫಿಲ್ಟರ್ ಕಾಫಿ ರಾಯರು
ಆ ಒಂದು ಕೆಜಿ ಬಡ್ಡಿ ಸ್ವಾಮಿ.

ಉಜಿರೆ ಹುಡುಗಿ
ನಾನು ಬಿಎನ್‌ವೈಎಸ್ ಓದಿದವಳು, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷದ ಡಿಗ್ರಿ. ಇಂಥ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೇಡಂ, ಮೊದಲು ಮಾತ್ರೆ. ಹೊರಡುವ ಮುಂಚೆ ನಿಮಗೆ ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ "ಹತ್ತು ದಿನ ಉಪ್ಪು, ಎಣ್ಣೆ, ಸಕ್ಕರೆ ಇಲ್ಲದ ಊಟ, ಮಧ್ಯೆ ಎರಡು ಮೂರು ದಿನ ಬರೀ ಜ್ಯೂಸ್" ಅಂತ ಬಿಡಿಸಿ ಹೇಳಿ. "ರೆಸ್ಟ್‌ಗೆ ಹೋಗ್ತಿದ್ದೀನಿ" ಅಂದರೆ ಅವರು ತಲೆಯಾಡಿಸಿ ಕಳಿಸಿಬಿಡುತ್ತಾರೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ಕುಸಿಯುವುದು ಅಪರೂಪ. ಗ್ಲಿಮಿಪಿರೈಡ್ ಹಾಗಲ್ಲ. ನೀವು ಊಟ ಮಾಡಿದರೂ ಬಿಟ್ಟರೂ ಅದು ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಊಟ ಕಡಿಮೆಯಾದಾಗ ಡೋಸ್ ಇಳಿಸದಿದ್ದರೆ ಶುಗರ್ 70ಕ್ಕಿಂತ ಕೆಳಗೆ ಹೋಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಬಿಪಿ ಮಾತ್ರೆಯದೂ ಇದೇ ಕಥೆ. ಉಪ್ಪು ನಿಂತು, ಊಟ ಕಡಿಮೆಯಾಗಿ, ಮೇಲೆ ಸ್ಟೀಮ್ ಬಾತ್‌ನಲ್ಲಿ ಬೆವರು ಹರಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರಬಹುದು.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ನಿಮ್ಮ ಶುಗರ್ ಮಾತ್ರೆಯ ಹೆಸರು "ಗ್ಲಿಫ್ಲೋಜಿನ್" ಅಂತ ಮುಗಿಯುತ್ತಿದ್ದರೆ, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೀಗೆ, ಜ್ಯೂಸ್ ಉಪವಾಸ ಮಾಡುವ ಮುಂಚೆ ಕೇಳಲೇಬೇಕು. ಉಪವಾಸದಲ್ಲಿ ಅದು ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರಿಸಿ ಪ್ರಾಣಕ್ಕೆ ಕುತ್ತು ತರಬಹುದು. ಮೀಟರಿನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ತೋರಿಸದೆಯೂ ಇರಬಹುದು, ಅದೇ ಮೋಸ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ "ಡಿಟಾಕ್ಸ್" ಅಂತ ಸುಮ್ನೆ ಇರುವುದಲ್ಲ, ತಕ್ಷಣ ದೊಡ್ಡಾಸ್ಪತ್ರೆಗೆ. ರಕ್ತ ತೆಳು ಮಾಡುವ ವಾರ್ಫರಿನ್ ನುಂಗುವವರು ಇದ್ದಕ್ಕಿದ್ದಂತೆ ಸೊಪ್ಪಿನ ರಸ ಜಾಸ್ತಿ ಮಾಡಬಾರದು. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನೇ ತಗ್ಗಿಸುತ್ತದೆ.

ನಮ್ಮ ವಿದ್ಯೆಯ ಹೆಸರಲ್ಲಿ "ಮಾತ್ರೆ ಎಲ್ಲ ಬಿಟ್ಟುಬಿಡಿ" ಅನ್ನುವವರು ಇದ್ದಾರೆ. ನನಗೆ ಅವರ ಮೇಲೆ ಕೋಪವಿದೆ. ಇಳಿಸುವುದು ಬೇರೆ, ಬಿಸಾಕುವುದು ಬೇರೆ.

ನಿಮ್ಮದೇ ಗ್ಲೂಕೋಮೀಟರ್, ಸಾಕಷ್ಟು ಸ್ಟ್ರಿಪ್, ಒಂದು ಪುಟ್ಟ ಡಬ್ಬಿ ಗ್ಲೂಕೋಸ್ ಪುಡಿ ತೆಗೆದುಕೊಂಡು ಹೋಗಿ. ಹೊರಗಿನ ತಿಂಡಿ ತರಬಾರದು ಅನ್ನುತ್ತಾರೆ. ಇದು ತಿಂಡಿ ಅಲ್ಲ, ಮದ್ದು ಅಂತ ಮೊದಲ ದಿನವೇ ಡಾಕ್ಟರಿಗೆ ಹೇಳಿ ಇಟ್ಟುಕೊಳ್ಳಿ. ಬೆವರು, ನಡುಕ, ಎದೆ ಢವಢವ ಆದರೆ ಮೊದಲು ಚೆಕ್ ಮಾಡಿ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಚೆಕ್.

ಎನಿಮಾ: ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷದ ಕೆಲಸ. ಬೇಡ ಅಂದರೆ ಬೇಡ ಅನ್ನಬಹುದು, ಯಾರೂ ಕೈ ಹಿಡಿದು ಮಾಡುವುದಿಲ್ಲ. ಪೈಲ್ಸ್ ಇದ್ದರೆ ಮೊದಲೇ ಹೇಳಿ. ಹೆಂಗಸರಿಗೆ ಹೆಂಗಸರೇ ಚಿಕಿತ್ಸೆ ಕೊಡುವುದು ರೂಢಿ, ಆದರೂ ಫೋನ್ ಮಾಡಿದಾಗ ಖಚಿತ ಮಾಡಿಕೊಳ್ಳಿ. ಮುಟ್ಟಿನ ದಿನಗಳಲ್ಲಿ ಎನಿಮಾ, ಹಿಪ್ ಬಾತ್, ಹೊಟ್ಟೆಯ ಮಸಾಜು ಸಾಮಾನ್ಯವಾಗಿ ಇರುವುದಿಲ್ಲ, ದಿನಾಂಕ ಲೆಕ್ಕ ಹಾಕಿ ಬುಕ್ ಮಾಡುವುದು ಒಳ್ಳೆಯದು.

ಮಂಡಗದ್ದೆ ಹಕ್ಕಿ
ಡಾಕ್ಟ್ರೇ, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಾಳೆಯೇ ನಮ್ಮ ಡಾಕ್ಟರ ಹತ್ತಿರ ಹೋಗುತ್ತೇನೆ. ನನಗೆ ಈಗ ಮುಟ್ಟು ಹೇಳಿ ಕೇಳಿ ಬರುವುದಿಲ್ಲ, ಹಾಗಾಗಿ ಆ ಲೆಕ್ಕ ದೇವರ ಕೈಲಿ. ಹಿಪ್ ಬಾತ್ ಅಂದರೆ ಏನು?

ಉಜಿರೆ ಹುಡುಗಿ
ಕುರ್ಚಿಯಂಥ ಒಂದು ಟಬ್. ಸೊಂಟದ ಭಾಗ ಹೊಕ್ಕುಳವರೆಗೆ ನೀರಲ್ಲಿ, ಕಾಲು ಹೊರಗೆ. ಜರ್ಮನಿಯ ಲೂಯಿ ಕೂನೆ ಇದನ್ನು 19ನೇ ಶತಮಾನದಲ್ಲಿ ಹೆಸರುವಾಸಿ ಮಾಡಿದ. ಗಾಂಧೀಜಿಗೂ ಇದರ ಮೇಲೆ ಬಹಳ ನಂಬಿಕೆ ಇತ್ತು. ಮೊದಲ ನಿಮಿಷ ಚಳಿ, ಆಮೇಲೆ ಎದ್ದೇಳಲು ಮನಸ್ಸು ಬರುವುದಿಲ್ಲ. ಮಂಡಿನೋವು ಇರುವವರು ಟಬ್ಬಿಗೆ ಇಳಿಯುವಾಗ, ಏಳುವಾಗ ಕೈ ಹಿಡಿಯಲು ಒಬ್ಬರನ್ನು ಕರೆಯಿರಿ.

ಪುತ್ತೂರಕ್ಕ
ಅಕ್ಕಾ, ನೀವು ಬರುವುದು ಆಟಿ ತಿಂಗಳಲ್ಲಿ, ಜಡಿಮಳೆಯ ಹೊತ್ತಿನಲ್ಲಿ! ಬಟ್ಟೆ ವಿಷಯ ಯಾರೂ ಹೇಳಲಿಲ್ಲವಲ್ಲ, ನಾನು ಹೇಳುತ್ತೇನೆ ಕೇಳಿ. ಈ ಕಡೆ ಆಗ ಬಟ್ಟೆ ಒಗೆದರೆ ಮೂರು ದಿನವಾದರೂ ಒಣಗುವುದಿಲ್ಲ, ವಾಸನೆ ಬೇರೆ ಹಿಡಿಯುತ್ತದೆ. ಚೂಡಿದಾರ, ಸೀರೆ ಎಲ್ಲ ಬೇಡ. ತೆಳ್ಳಗಿನ ಕಾಟನ್ ನೈಟಿ ಆರು, ಅದೂ ಹಳೆಯದು, ಯಾಕೆಂದರೆ ಮಸಾಜಿನ ಎಣ್ಣೆ ಹಿಡಿದದ್ದು ಜನ್ಮದಲ್ಲಿ ಹೋಗುವುದಿಲ್ಲ. ದಪ್ಪ ಟವೆಲ್ ತರಬೇಡಿ, ಬೈರಾಸು ತನ್ನಿ, ನಾಲ್ಕು. ತಲೆಗೆ ದಿನಾ ಎಣ್ಣೆ, ದಿನಾ ಸ್ನಾನ ಆದರೆ ಉದ್ದ ಕೂದಲು ಒಣಗದೆ ಶೀತ ಆಗುತ್ತದೆ. ದಿನ ಬಿಟ್ಟು ದಿನ ಸಾಕು ಅಂತ ನೀವೇ ಹೇಳಿ. ಒಂದು ನೈಲಾನ್ ಹಗ್ಗ, ಹತ್ತು ಕ್ಲಿಪ್ಪು. ರೂಮಿನ ಫ್ಯಾನಿನ ಕೆಳಗೆ ಕಟ್ಟಿದರೆ ಆಯಿತು.

ಚಿನ್ನ ಮನೆಯಲ್ಲೇ ಇಡಿ. ಸ್ಟೀಮ್ ಪೆಟ್ಟಿಗೆಯೊಳಗೆ ಸರ ಬಿಸಿಯಾಗಿ ಕುತ್ತಿಗೆ ಚುರ್ ಅನ್ನುತ್ತದೆ. ದಿನಾ ತೆಗೆದಿಡುವುದು, ಹಾಕುವುದು, ಎಲ್ಲಿಟ್ಟೆ ಅಂತ ಹುಡುಕುವುದು ಯಾಕೆ? ತಾಳಿ ತೆಗೆಯಲು ಮನಸ್ಸಿಲ್ಲದವರು ಅರಿಶಿನ ದಾರಕ್ಕೆ ಪೋಣಿಸಿಕೊಂಡು ಬರುತ್ತಾರೆ. ಚಪ್ಪಲಿ ಮಾತ್ರ ಹೊಸತು ಬೇಕು, ತಳದಲ್ಲಿ ಹಿಡಿತ ಇರುವಂಥದ್ದು. ಎಣ್ಣೆ ಕಾಲು, ಒದ್ದೆ ನೆಲ, ನಿಮ್ಮ ಮಂಡಿ, ಮೂರೂ ಸೇರಿದರೆ ಕಷ್ಟ ಉಂಟು.

ಆಗುಂಬೆಯಲ್ಲಿ ಇಳಿಯುವುದಾದರೆ 14 ತಿರುವು, ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಡಿ, ತುಂಬಿಸಿಕೊಳ್ಳಲೂ ಬೇಡಿ. ಬೆಳಕಿರುವಾಗಲೇ ಘಟ್ಟ ದಾಟಿ, ಮಳೆಗೆ ಮರ ಬಿದ್ದರೆ ಕಾಯಬೇಕಾಗುತ್ತದೆ.

ಸಾಫ್ಟ್‌ವೇರ್ ಸೀನ
ವಿಮೆ ಬಗ್ಗೆ ಯಾರೂ ಮಾತಾಡಿಲ್ಲ. ಬಿಲ್ ಕಟ್ಟಿ ಆಮೇಲೆ ಕ್ಲೇಮ್ ಮಾಡೋಣ ಅಂದುಕೊಂಡಿದ್ದರೆ ಪಾಲಿಸಿ ಕಾಗದ ತೆಗೆದು "ಎಕ್ಸ್‌ಕ್ಲೂಷನ್ 13" ಓದಿ. ಹೆಲ್ತ್ ಹೈಡ್ರೋ (ನೀರಿನ ಚಿಕಿತ್ಸೆಯ ತಾಣ), ನೇಚರ್ ಕ್ಯೂರ್ ಕ್ಲಿನಿಕ್, ಸ್ಪಾ ಇಂಥ ಕಡೆಯ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ ಅಂತ ಅದರಲ್ಲಿ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗೂ ಒಂದೇ ಥರ ಕೊಟ್ಟ ವಾಕ್ಯ ಅದು. ಇನ್ನೊಂದು ಕಡೆ ಆಯುಷ್ ಚಿಕಿತ್ಸೆಗೆ ಕವರ್ ಇದೆ ಅಂತಲೂ ಇರುತ್ತದೆ, ಪ್ರಕೃತಿ ಚಿಕಿತ್ಸೆ ಆಯುಷ್‌ನಲ್ಲೇ ಬರುತ್ತದೆ. ಈ ಎರಡರ ನಡುವೆ ಜಗ್ಗಾಟ. ಹೋಗುವ ಮುಂಚೆ ಕಂಪನಿಗೆ ಮೇಲ್ ಹಾಕಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ನನ್ನ ಅಮ್ಮನ ಕ್ಲೇಮ್ ತಿರಸ್ಕಾರ ಆದಮೇಲೆ ಕಲಿತ ಪಾಠ ಇದು.

ಫೋನ್ ಅಲ್ಲಿ ಇಟ್ಟುಕೊಳ್ಳಬಹುದಾ? ವಿಪಶ್ಯನ ಧ್ಯಾನ ಶಿಬಿರಕ್ಕೆ ಇಗತ್‌ಪುರಿಗೆ ಹೋದಾಗ ಮೊದಲ ದಿನವೇ ಇಸ್ಕೊಂಡಿದ್ದರು, ಹತ್ತು ದಿನ ಮಾತೂ ಇಲ್ಲ, ಪುಸ್ತಕ ಪೆನ್ನೂ ಇಲ್ಲ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ.

ಪುತ್ತೂರಕ್ಕ
ಅದು ಬೇರೆ ಇದು ಬೇರೆ ಮಾರಾಯ್ರೇ. ಇಲ್ಲಿ ಮಾತಾಡಬಹುದು. ಮಾತಾಡುವುದೇ ಜಾಸ್ತಿ. ಊಟದ ಹಾಲಿನಲ್ಲಿ ಎಲ್ಲರೂ ಬೂದುಗುಂಬಳದ ರಸ ಹಿಡಿದುಕೊಂಡು ಬಿರಿಯಾನಿ ಬಗ್ಗೆ ಮಾತಾಡುತ್ತಾರೆ.

ಹುಬ್ಬಳ್ಳಿ ಕಾಕಾ
ತಂಗೀ, ನಾನು ಮನೆಯ ಬಗ್ಗೆ ಹೇಳುತ್ತೇನೆ. ನಮ್ಮ ಮನೆಯಾಕಿ ಹಿಂಗ ಹದಿನೈದು ದಿನ ಹೋಗಿದ್ದಳು. ಹೋಗುವ ಮುಂಚೆ ಮೂರು ದಿನ ನಿದ್ದೆಗೆಟ್ಟು ಚಟ್ನಿಪುಡಿ, ಸಾರಿನ ಪುಡಿ, ರೊಟ್ಟಿ, ಉಪ್ಪಿನಕಾಯಿ ಮಾಡಿ ಡಬ್ಬಿ ಜೋಡಿಸಿಟ್ಟಳು. ಆಸ್ಪತ್ರೆಗೆ ಹೋಗಿ ಮೊದಲೆರಡು ದಿನ ಬರೀ ಮಲಗಿದಳು, ಅದು ಚಿಕಿತ್ಸೆ ಅಲ್ಲ, ದಣಿವು. ಆಮೇಲೆ ದಿನಕ್ಕೆ ನಾಲ್ಕು ಸಲ ನಾನೇ ಫೋನ್ ಮಾಡುತ್ತಿದ್ದೆ. ಜೀರಿಗೆ ಎಲ್ಲಿ, ಗ್ಯಾಸ್ ಬುಕ್ ಮಾಡೋದು ಹೆಂಗ. ಅಲ್ಲಿಯ ಡಾಕ್ಟರು ಅವಳಿಗೆ "ನಿಮ್ಮ ಬಿಪಿ ಸಂಜೆ ಫೋನ್ ಬಂದ ಮ್ಯಾಲೆ ಏರತದ" ಅಂದರಂತೆ. ನನಗೆ ನಾಚಿಕೆ ಆಯಿತು.

ಆದ್ದರಿಂದ ಡಬ್ಬಿ ತುಂಬಿಸಬೇಡಿ. ಹೊರಡುವ ಹತ್ತು ದಿನ ಮೊದಲೇ ಕೆಲಸ ಬಿಟ್ಟುಕೊಡಿ. ನೀವು ಮನೆಯಲ್ಲಿ ಇರುವಾಗಲೇ ಅವರು ಅಡುಗೆ ಮಾಡಲಿ, ಸುಡಲಿ, ಉಪ್ಪು ಮರೆಯಲಿ. ನೀವು ಅಡುಗೆಮನೆಗೆ ಕಾಲಿಡಬೇಡಿ. ಸಂಜೆ ಏಳಕ್ಕೆ ಒಂದು ಫೋನು, ಅಷ್ಟೇ ಅಂತ ಮಾತು ತೆಗೆದುಕೊಳ್ಳಿ. ಅತ್ತೆಯವರ ಕಾಫಿ ಮಗನಿಗೆ ವಹಿಸಿ.

ಮಂಡಗದ್ದೆ ಹಕ್ಕಿ
ಕಾಕಾ, ಓದಿ ನಗು ಬಂತು, ಆಮೇಲೆ ಕಣ್ಣೂ ತುಂಬಿತು. ನಾನು ನಿನ್ನೆಯಷ್ಟೇ ಹತ್ತು ದಿನಕ್ಕೆ ಹುಳಿಪುಡಿ ಹುರಿಯಲು ಕೂತಿದ್ದೆ. ಮಗನಿಗೆ 22. ಫಿಲ್ಟರ್ ಯಾವ ಕಡೆ ಮೇಲೆ ಅಂತ ಗೊತ್ತಿಲ್ಲ. ಕಲಿಸುತ್ತೇನೆ.

ಒಂದು ಡೌಟು. ಹೋಗುವ ಮುಂಚೆ ರೂಢಿ ಆಗಲಿ ಅಂತ ಮನೆಯಲ್ಲೇ ಸೋರೆಕಾಯಿ ರಸ ಶುರು ಮಾಡಲಾ?

ಉಜಿರೆ ಹುಡುಗಿ
ಮಾಡಬಹುದು, ಆದರೆ ಮೊದಲು ಒಂದು ಚೂರು ಹಸಿ ಸೋರೆಕಾಯಿ ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಇಡೀ ಕಾಯಿಯನ್ನೇ ಎಸೆಯಿರಿ. ಕಹಿ ಸೋರೆಕಾಯಿ ರಸ ನಿಜವಾಗಿಯೂ ವಿಷ. ರಕ್ತವಾಂತಿಯಾಗಿ ಸತ್ತವರಿದ್ದಾರೆ. ಕಹಿ ಇದ್ದಷ್ಟೂ ಶುಗರ್‌ಗೆ ಒಳ್ಳೆಯದು ಅಂತ ಕಣ್ಣುಮುಚ್ಚಿ ಕುಡಿಯುವವರೇ ಜಾಸ್ತಿ. ಹಾಗಲಕಾಯಿ ಕಹಿ ಬೇರೆ, ಇದು ಬೇರೆ.

ನಿಜ ಹೇಳಬೇಕೆಂದರೆ ಈಗ ನಿಮಗೆ ರಸ ಬೇಡ. ರಾತ್ರಿ ಊಟ ಏಳಕ್ಕೆ ತನ್ನಿ, ಉಪ್ಪಿನಕಾಯಿ ಹಪ್ಪಳ ಬಿಡಿ, ಬೆಳಿಗ್ಗೆ ಬೇಗ ಏಳಿ. ಅಲ್ಲಿ ಊಟ ಸಂಜೆ ಆರು ಆರೂವರೆಗೆ ಮುಗಿಯುತ್ತದೆ. ಒಂಬತ್ತೂವರೆಗೆ ಉಣ್ಣುವವರಿಗೆ ಮೊದಲ ರಾತ್ರಿ ಬಹಳ ಉದ್ದ.

ಇನ್ನೊಂದು. ವಾಪಸ್ ಬಂದಮೇಲೆ ಜಲನೇತಿ, ಅಂದರೆ ನೀರು ಬಿಟ್ಟು ಮೂಗು ತೊಳೆಯುವುದನ್ನು, ಮನೆಯಲ್ಲಿ ಮುಂದುವರಿಸುವುದಾದರೆ ಕುದಿಸಿ ಆರಿಸಿದ ನೀರನ್ನೇ ಬಳಸಿ. ಬಾವಿ ನೀರು, ನಲ್ಲಿ ನೀರು ಹಾಗೇ ಮೂಗಿಗೆ ಬಿಡಬಾರದು. ಮಿದುಳು ತಿನ್ನುವ ಅಮೀಬಾ ಸುದ್ದಿ ಕೇರಳದಿಂದ ಬರುತ್ತಿರುವುದನ್ನು ಓದಿರುತ್ತೀರಿ, ಅದು ಹೋಗುವ ದಾರಿಯೇ ಮೂಗು.

ಬೆಣ್ಣೆದೋಸೆ
ಇಷ್ಟೆಲ್ಲ ಅಪಾಯ ಇರುವುದಕ್ಕೆ ದುಡ್ಡು ಬೇರೆ ಕೊಡಬೇಕಾ?

ಉಜಿರೆ ಹುಡುಗಿ
ಸರ್, ಬೆಣ್ಣೆದೋಸೆಯ ಅಪಾಯದ ಪಟ್ಟಿ ಬರೆಯಲಾ?

ಮಂಡಗದ್ದೆ ಹಕ್ಕಿ
*(ಆರು ವಾರದ ನಂತರ)*
ಹೋಗಿ ಬಂದೆ. ಬಂದು ಎರಡು ವಾರ ಆಯಿತು. ಬರೆಯದೆ ಇದ್ದರೆ ರಾಯರು ಬೈಯುತ್ತಾರೆ ಅಂತ ಕೂತಿದ್ದೇನೆ.

ಕಾಫಿ: ಹೊರಡುವ ದಿನಕ್ಕೆ ಅರ್ಧ ಲೋಟಕ್ಕೆ ಇಳಿದಿತ್ತು. ಎರಡನೇ ದಿನ ಸಂಜೆ ತಲೆ ಭಾರ, ಮೂರನೇ ದಿನ ಇಲ್ಲ. ಪಕ್ಕದ ರೂಮಿನ ಬೆಂಗಳೂರಿನ ಹುಡುಗಿ ಏನೂ ತಯಾರಿ ಇಲ್ಲದೆ ಬಂದು ಎರಡು ದಿನ ಅತ್ತಳು. ಅವಳಿಗೆ ರಾಯರ ಚಿಕೋರಿ ಕಥೆ ಹೇಳಿದೆ, ಇನ್ನೂ ಜೋರಾಗಿ ಅತ್ತಳು.

ಮಾತ್ರೆ: ನಮ್ಮ ಡಾಕ್ಟರು ಗ್ಲಿಮಿಪಿರೈಡ್ ಅರ್ಧಕ್ಕೆ ಇಳಿಸಿ ಚೀಟಿ ಕೊಟ್ಟಿದ್ದರು. ಆದರೂ ನಾಲ್ಕನೇ ದಿನ, ಮೊದಲ ಜ್ಯೂಸ್ ದಿನ, ಸಂಜೆ ಐದಕ್ಕೆ ಕೈ ನಡುಗಿತು, ಬೆವರು. ಅಲ್ಲಿದ್ದ ಸಹಾಯಕಿ "ವಿಷ ಹೊರಗೆ ಹೋಗ್ತಿದೆ, ಮಲಗಿ" ಅಂದಳು. ರಾಯರ ಮಾತು ನೆನಪಾಯಿತು. ಮಲಗಲಿಲ್ಲ, ಮೀಟರ್ ತೆಗೆದೆ. 61. ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿದೆ. ಕಾಲು ಗಂಟೆ ಬಿಟ್ಟು 88. ಆಮೇಲೆ ಡಾಕ್ಟರು ಬಂದು ಆ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು, ಸಹಾಯಕಿಗೂ ಹೇಳಿದರು. ಅವಳ ತಪ್ಪೂ ಅಲ್ಲ, ಹಾಗೆ ಹೇಳಿಕೊಟ್ಟಿರುತ್ತಾರೆ. ಮನೆಗೆ ಬಂದು ಅನ್ನ ಶುರುವಾದ ಮೇಲೆ ನಮ್ಮ ಡಾಕ್ಟರನ್ನು ನೋಡಿ ಅರ್ಧ ಮಾತ್ರೆ ಮತ್ತೆ ಶುರು ಮಾಡಿದ್ದೇನೆ.

ಎನಿಮಾಕ್ಕೆ ಅಷ್ಟು ಹೆದರಬೇಕಿರಲಿಲ್ಲ. ಮಣ್ಣಿನ ಪಟ್ಟಿ ಮಾತ್ರ ನನಗೆ ಬಹಳ ಹಿಡಿಸಿತು. ಒದ್ದೆ ಬಟ್ಟೆಯಲ್ಲಿ ಸುತ್ತಿದ ತಣ್ಣನೆ ಮಣ್ಣು ಹೊಟ್ಟೆ ಮೇಲೆ, ಕಣ್ಣು ಮೇಲೆ. ಹೊರಗೆ ಹೆಂಚಿನ ಮೇಲೆ ಮಳೆ. ನಮ್ಮ ಗದ್ದೆ ನಾಟಿಯ ವಾಸನೆ ಬಂತು. ಇಪ್ಪತ್ತು ನಿಮಿಷ ಯಾರೂ ಏನೂ ಕೇಳಲಿಲ್ಲ.

ಮಂಡಿ: ಪೂರ್ತಿ ಹೋಗಿಲ್ಲ. ನಡೆಯುವಾಗ ಹಗುರ, ಮೆಟ್ಟಿಲು ಇಳಿಯುವಾಗ ಮೊದಲಿನ ಹಾಗೇ. ತೂಕ 3 ಕೆಜಿ ಇಳಿದಿದೆ.

ಪುತ್ತೂರಕ್ಕ, ಆರು ನೈಟಿ ಸಾಕಾಗಲಿಲ್ಲ. ಎಂಟು ಬೇಕು. ಹಗ್ಗಕ್ಕೆ ನಿಮ್ಮ ಹೆಸರು ಹೇಳಿ ಮೂವರು ಹೆಂಗಸರು ಬಟ್ಟೆ ಒಣಗಿಸಿಕೊಂಡರು.

ಉಜಿರೆ ಹುಡುಗಿ
61 ನೋಡಿ ನನ್ನ ಎದೆ ಧಸಕ್ ಅಂತು. ಮೀಟರ್ ತೆಗೆದಿರಲ್ಲ, ಅದೇ ಸಮಾಧಾನ. ಎಚ್‌ಬಿಎ1ಸಿ ರಕ್ತಪರೀಕ್ಷೆ ಈಗಲೇ ಮಾಡಿಸಿ "ಏನೂ ಇಳಿದಿಲ್ಲ" ಅಂತ ಬೇಜಾರಾಗಬೇಡಿ. ಅದು ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವುದು. ಅಕ್ಟೋಬರ್ ಕೊನೆಗೆ ಮಾಡಿಸಿ. ತೂಕದಲ್ಲೂ ಮೊದಲು ಇಳಿದದ್ದು ಹೆಚ್ಚಿನಂಶ ನೀರು, ಸ್ವಲ್ಪ ವಾಪಸ್ ಬರುತ್ತದೆ.

ಬೆಣ್ಣೆದೋಸೆ
ಅಕ್ಟೋಬರ್‌ನಲ್ಲಿ ತೂಕವನ್ನೂ ಬರೆಯಿರಿ ಮೇಡಂ. ಬಡ್ಡಿ ಲೆಕ್ಕಕ್ಕೆ ರಾಯರು ಇದ್ದಾರೆ.

ಹುಬ್ಬಳ್ಳಿ ಕಾಕಾ
ಮನೆ ಕಥೆ ಏನಾಯಿತು? ಫೋನು?

ಮಂಡಗದ್ದೆ ಹಕ್ಕಿ
ಮೊದಲ ಮೂರು ದಿನ ನಾನೇ ತಡೆಯಲಾರದೆ ಮಧ್ಯಾಹ್ನ ಫೋನ್ ಮಾಡಿದೆ ಕಾಕಾ. ಅವರು ಎತ್ತಲಿಲ್ಲ. ಸಂಜೆ ಏಳಕ್ಕೆ ಎತ್ತಿ "ಮಾತು ಮಾತೇ" ಅಂದರು.

ಫಿಲ್ಟರ್ ಕಾಫಿ ರಾಯರು
ಈಗ ಎಷ್ಟು ಲೋಟ? ಸುಳ್ಳು ಹೇಳಬಾರದು.

ಮಂಡಗದ್ದೆ ಹಕ್ಕಿ
ಒಂದೇ. ಬೆಳಿಗ್ಗೆ, ಅತ್ತೆಯ ಜೊತೆ. ಮಗ ಮಾಡಿಕೊಡುತ್ತಾನೆ. ಡಿಕಾಕ್ಷನ್ ನೀರು ನೀರು. ನಾವಿಬ್ಬರೂ ಇನ್ನೂ ಅವನಿಗೆ ಹೇಳಿಲ್ಲ.